ಲೈಫ್ ಕೇರ್ ಪ್ಲಾನಿಂಗ್: ಹೊಸ ಆವೃತ್ತಿಯ ಮಾನದಂಡವನ್ನು ಟೆಂಪ್ಲೇಟಿಗೂ ಬೆಂಗಳೂರಿನ ತಂಡಕ್ಕೂ ಮುಟ್ಟಿಸುವುದು ಹೇಗೆ?

ನೇತ್ರಾವತಿ_ಆರ್‌ಎನ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಮೆರಿಕದಲ್ಲಿ ರಿಹ್ಯಾಬ್, ಕೇಸ್ ಮ್ಯಾನೇಜ್‌ಮೆಂಟ್ ಕಡೆ ಕೆಲಸ ಮಾಡುವ ಕನ್ನಡದವರು ಇಲ್ಲಿ ಸಾಕಷ್ಟು ಮಂದಿ ಇದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈ ಕೆಲಸ ಗೊತ್ತಿಲ್ಲದವರಿಗೆ ಎರಡು ಮಾತು. ಬೆನ್ನುಹುರಿಗೆ ಪೆಟ್ಟು, ಮಿದುಳಿಗೆ ಪೆಟ್ಟು, ಕೈಕಾಲು ಕಳೆದುಕೊಂಡದ್ದು, ಹೆರಿಗೆಯ ಹೊತ್ತಿಗೆ ಮಗುವಿಗೆ ಆದ ಹಾನಿ ಇಂಥ ಪ್ರಕರಣಗಳಲ್ಲಿ ಆ ವ್ಯಕ್ತಿಗೆ ಮುಂದೆ ಬದುಕಿರುವಷ್ಟು ಕಾಲ ಏನೇನು ಬೇಕು, ವರ್ಷಕ್ಕೆ ಎಷ್ಟು ಸಲ ಬೇಕು, ಅದಕ್ಕೆ ಎಷ್ಟು ಖರ್ಚು ಎಂದು ಬಾಬ್ತು ಬಾಬ್ತಾಗಿ ಬರೆದಿಡುವ ದಾಖಲೆಯೇ ಲೈಫ್ ಕೇರ್ ಪ್ಲಾನ್. ಹೆಚ್ಚಿನವು ಪರಿಹಾರದ ಮೊಕದ್ದಮೆಗೆಂದು ತಯಾರಾಗುತ್ತವೆ.

ನಮ್ಮದು ಆರು ಜನರ ತಂಡ. ಪ್ಲಾನ್ ಬರೆಯುವವರು ಇಬ್ಬರು ನರ್ಸ್, ಒಬ್ಬರು ರಿಹ್ಯಾಬ್ ಕೌನ್ಸೆಲರ್. ಬೆಂಗಳೂರಿನಲ್ಲಿ ಇಬ್ಬರು ಮೆಡಿಕಲ್ ರೆಕಾರ್ಡ್ ಓದಿ ಸಾರಾಂಶ ಮಾಡುತ್ತಾರೆ, ಒಬ್ಬರು ದರ ಹುಡುಕುತ್ತಾರೆ. ವರದಿಯ ಟೆಂಪ್ಲೇಟಿನ ಅಡಿಯಲ್ಲಿ ಇನ್ನೂ ಐಎಎಲ್‌ಸಿಪಿ (ಲೈಫ್ ಕೇರ್ ಪ್ಲಾನರ್‌ಗಳ ಅಂತರರಾಷ್ಟ್ರೀಯ ಅಕಾಡೆಮಿ) ಮಾನದಂಡದ 2015ರ ಮೂರನೇ ಆವೃತ್ತಿಯ ಹೆಸರೇ ಇದೆ. ನಾಲ್ಕನೆಯದು ಬಂದದ್ದು 2022ರಲ್ಲಿ. ಬೆಂಗಳೂರಿನ ಮೂವರಿಗೆ ಯಾವ ಆವೃತ್ತಿಯೂ ಕೈಸೇರಿಲ್ಲ. ಅವರ ಬಳಿ ಇರುವುದು ಹಳೆಯ ಇಮೇಲ್‌ಗಳಲ್ಲಿ ಬಂದ ಸೂಚನೆಗಳು ಮಾತ್ರ.

ಟೆಂಪ್ಲೇಟನ್ನು ಯಾವ ಕ್ರಮದಲ್ಲಿ ತಿದ್ದಬೇಕು? ಬೆಂಗಳೂರಿನವರಿಗೆ ಏನು ಕೊಡಬಹುದು, ಏನು ಕೊಡಬಾರದು? ಈಗಾಗಲೇ ಸಹಿ ಮಾಡಿ ಕೊಟ್ಟ, ಆದರೆ ವಿಚಾರಣೆ ಇನ್ನೂ ಆಗದ ವರದಿಗಳನ್ನು ಹೊಸ ಆವೃತ್ತಿಗೆ ತರಬೇಕೇ?

ಕೊಡಚಾದ್ರಿ_ಸಿಎಲ್‌ಸಿಪಿ ಉತ್ತರ:

ಮೇಡಂ, ಅಡಿಬರಹದಲ್ಲಿ ಇಸವಿ ಬದಲಿಸುವುದನ್ನು ಕಟ್ಟಕಡೆಗೆ ಇಟ್ಟುಕೊಳ್ಳಿ. ಅದನ್ನು ಮೊದಲು ಮಾಡಿದರೆ ಅಡಿಯಲ್ಲಿ 2022 ಇರುತ್ತದೆ, ಮೇಲಿನ ಪಟ್ಟಿ 2015ರದೇ ಆಗಿರುತ್ತದೆ. ಎದುರು ಪಕ್ಷದ ವಕೀಲರಿಗೆ ಅದಕ್ಕಿಂತ ಸುಲಭದ ಪ್ರಶ್ನೆ ಇನ್ನೊಂದಿಲ್ಲ.

ಮೊದಲ ಕೆಲಸ ಕಾಗದಗಳನ್ನು ಬೇರೆ ಮಾಡುವುದು. ಐಎಎಲ್‌ಸಿಪಿಯ ಮಾನದಂಡ 2000, 2006, 2015, 2022 ಹೀಗೆ ನಾಲ್ಕು ಸಲ ಬಂದಿದೆ. ಅದರ ಪಕ್ಕದಲ್ಲೇ ಇನ್ನೊಂದು ದಾಖಲೆ ಇದೆ: 2000ದಿಂದ 2017ರವರೆಗೆ ನಡೆದ ಪ್ಲಾನರ್‌ಗಳ ಸಮ್ಮಿಟ್‌ಗಳಲ್ಲಿ ಒಪ್ಪಿಕೊಂಡು, 2018ರಲ್ಲಿ ಡೆಲ್ಫಿ ವಿಧಾನದಿಂದ (ತಜ್ಞರನ್ನು ಸುತ್ತು ಸುತ್ತಾಗಿ ಕೇಳಿ ಒಮ್ಮತಕ್ಕೆ ಬರುವುದು) ಪರಿಷ್ಕರಿಸಿದ ಒಮ್ಮತದ ಹೇಳಿಕೆಗಳು. ಇವೆರಡನ್ನೂ ಒಂದೇ ಎಂದುಕೊಂಡವರು ಬಹಳ ಜನ. ಪ್ಲಾನರ್ ಹೇಗೆ ಕೆಲಸ ಮಾಡಬೇಕು ಎನ್ನುವುದನ್ನು ಮಾನದಂಡ ಹೇಳುತ್ತದೆ. ಒಮ್ಮತದ ಹೇಳಿಕೆಗಳು ಇನ್ನೂ ಕೆಳಗಿಳಿದು ಸಣ್ಣ ಸಣ್ಣ ವಿಷಯ ಮುಟ್ಟುತ್ತವೆ. ದರದ ವಿಷಯವನ್ನೇ ನೋಡಿ: ಪರಿಶೀಲಿಸಬಹುದಾದ ಮೂಲದಿಂದ ತಂದಿರಬೇಕು, ಸಿಗುವ ಕಡೆಯೆಲ್ಲ ಆಯಾ ಊರಿನ ದರವೇ ಆಗಿರಬೇಕು, ರಿಯಾಯಿತಿ ಕಳೆಯದ ಮಾರುಕಟ್ಟೆ ಬೆಲೆ ಆಗಿರಬೇಕು, ಸೂಕ್ತವಾದ ಕಡೆ ಒಂದಕ್ಕಿಂತ ಹೆಚ್ಚು ದರ ತೆಗೆದುಕೊಂಡಿರಬೇಕು. ನಿಮ್ಮ ದರದ ಪುಟ ನಿಂತಿರುವುದು ಇದರ ಮೇಲೆ. ಇವೆರಡರ ಜೊತೆಗೆ ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಯ ನೀತಿಸಂಹಿತೆ, ಪ್ರತಿಯೊಬ್ಬರ ಲೈಸೆನ್ಸಿನ ರಾಜ್ಯ ಕಾನೂನು. ನಾಲ್ಕನ್ನೂ ಮೇಜಿನ ಮೇಲೆ ಇಟ್ಟುಕೊಳ್ಳಿ. ಒಂದಕ್ಕೊಂದು ತಾಕಿದರೆ ಲೈಸೆನ್ಸಿನ ಕಾನೂನೇ ಮೇಲು.

ಎರಡನೆಯದು ಹೊಂದಾಣಿಕೆಯ ಪಟ್ಟಿ. ಒಂದು ಸ್ಪ್ರೆಡ್‌ಶೀಟು, ಐದು ಕಾಲಂ ಸಾಕು: ನಿಯಮ ನಿಮ್ಮ ಮಾತಿನಲ್ಲಿ, ಯಾವ ಆವೃತ್ತಿಯ ಎಷ್ಟನೇ ಪುಟ, ಟೆಂಪ್ಲೇಟಿನಲ್ಲಿ ಅದು ಎಲ್ಲಿ ಕಾಣುತ್ತದೆ, ಯಾರ ಹೊಣೆ, ಕೊನೆಯ ಸಲ ನೋಡಿದ ತಾರೀಖು. ಮೂರನೇ ಕಾಲಂ ಖಾಲಿ ಉಳಿದ ನಿಯಮಗಳೇ ನೀವು ಈವರೆಗೆ ಬಾಯಿಮಾತಿನಲ್ಲಿ ಪಾಲಿಸುತ್ತಿದ್ದವು. "ಚಿಕಿತ್ಸೆ ಕೊಡುವ ವೈದ್ಯರ ಅಭಿಪ್ರಾಯ ಕೇಳಲು ಪ್ರಯತ್ನಿಸಬೇಕು" ಎನ್ನುವ ಆಶಯಕ್ಕೆ ಟೆಂಪ್ಲೇಟಿನಲ್ಲಿ ಜಾಗ ಇರದಿದ್ದರೆ, ಮೂರು ಸಲ ಫೋನ್ ಮಾಡಿ ಉತ್ತರ ಸಿಗದ್ದಕ್ಕೂ ಫೋನೇ ಮಾಡದ್ದಕ್ಕೂ ಓದುವವರಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಅದಕ್ಕೆ "ಸಂಪರ್ಕಿಸಿದ ದಿನ, ವಿಧಾನ, ಫಲ" ಎಂದು ಮೂರು ಮನೆ ಹಾಕಿ.

ಮೂರನೆಯದು ಪ್ಲಾನಿನೊಳಗಿನ ಖರ್ಚಿನ ಪಟ್ಟಿಯ ಸಾಲು. ಮಾನದಂಡ ಕೊನೆಗೆ ಬಂದು ಕೂರುವ ಜಾಗ ಅದು, ಹಾಗಾಗಿ ಹೆಚ್ಚು ಹೊತ್ತು ಇಲ್ಲೇ ಕಳೆಯಿರಿ. ಪ್ರತಿ ಸಾಲಿನಲ್ಲೂ ವಸ್ತು ಅಥವಾ ಸೇವೆ, ಶುರುವಾಗುವ ವಯಸ್ಸು, ನಿಲ್ಲುವ ವಯಸ್ಸು, ಆವರ್ತನ, ಉದ್ದೇಶ, ಶಿಫಾರಸಿನ ಆಧಾರ, ಒಂದರ ದರ, ದರದ ಮೂಲ ಮತ್ತು ತಾರೀಖು ಇರಲೇಬೇಕು.

ಮೂತ್ರದ ಕ್ಯಾಥೆಟರ್ ಸಾಲನ್ನೇ ಹಿಡಿಯಿರಿ. ಬೆನ್ನುಹುರಿ ಪೆಟ್ಟಾದವರು ದಿನಕ್ಕೆ ನಾಲ್ಕರಿಂದ ಆರು ಸಲ ಹಾಕಿಕೊಳ್ಳುತ್ತಾರೆ. ವೈದ್ಯರು ಐದು ಸಲ ಎಂದು ಬರೆದಿದ್ದರೆ ವರ್ಷಕ್ಕೆ 1,825. ಆದರೆ ಎಷ್ಟೋ ಪ್ಲಾನ್‌ಗಳಲ್ಲಿ ತಿಂಗಳಿಗೆ 200 ಎಂದಿರುತ್ತದೆ, ಅಂದರೆ ವರ್ಷಕ್ಕೆ 2,400. ಆ 200 ಬಂದದ್ದು ಮೆಡಿಕೇರ್ (ಅಮೆರಿಕ ಸರ್ಕಾರದ ಆರೋಗ್ಯ ವಿಮೆ) ಕೊಡುವ ಗರಿಷ್ಠ ಮಿತಿಯಿಂದ. ಮೆಡಿಕೇರ್ ಎಷ್ಟಕ್ಕೆ ಹಣ ಕೊಡುತ್ತದೆ ಎನ್ನುವುದು ಈ ಮನುಷ್ಯನಿಗೆ ಎಷ್ಟು ಬೇಕು ಎನ್ನುವುದಕ್ಕೆ ಉತ್ತರವಲ್ಲ. ಇನ್ನು ಬಿಲ್ಲಿನಲ್ಲಿ ಹಾಕುವ ಕೋಡ್. ಎ4351 ಬರಿಯ ನೇರ ಕ್ಯಾಥೆಟರ್, ಎ4352 ತುದಿ ಬಾಗಿದ್ದು, ಎ4353 ಹಾಕಿಕೊಳ್ಳಲು ಬೇಕಾದ ಸಾಮಗ್ರಿ ಸಮೇತದ ಕಿಟ್. ಕಿಟ್ ಹಾಕಿದ ಮೇಲೆ ಅದೇ ಕೆಲಸಕ್ಕೆ ಗ್ಲೌಸು, ಸಂಗ್ರಹದ ಚೀಲ ಎಂದು ಬೇರೆ ಸಾಲು ಬಂದರೆ ಒಂದೇ ವಸ್ತುವಿಗೆ ಎರಡು ಸಲ ದುಡ್ಡು ಕೇಳಿದಂತೆ. ಮಲವಿಸರ್ಜನೆಯ ಕ್ರಮಕ್ಕೆ ಗ್ಲೌಸು ಬೇಕಿದ್ದರೆ ಇರಲಿ, ಉದ್ದೇಶದ ಮನೆಯಲ್ಲಿ ಹಾಗೆಂದೇ ಬರೆಯಿರಿ. ಉದ್ದೇಶದ ಕಾಲಂ ಇರುವುದೇ ಇದಕ್ಕೆ. ಅಲ್ಲಿ "ಆರೋಗ್ಯಕ್ಕಾಗಿ" ಎಂದು ತುಂಬಿಬಿಟ್ಟರೆ ಪ್ರಯೋಜನವಿಲ್ಲ.

ವ್ಹೀಲ್‌ಚೇರ್ ಬದಲಿಯ ಎಣಿಕೆಯಲ್ಲೂ ಒಂದು ಮಾಮೂಲಿ ತಪ್ಪಿದೆ. ಉಳಿದ ಆಯಸ್ಸು 32.4 ವರ್ಷ, ಐದು ವರ್ಷಕ್ಕೊಂದು ಪವರ್ ಚೇರ್. ಇವತ್ತೇ ಕೊಳ್ಳುವುದಾದರೆ 0, 5, 10, 15, 20, 25, 30ನೇ ವರ್ಷ, ಒಟ್ಟು ಏಳು. ಆದರೆ ಎರಡು ವರ್ಷದ ಹಿಂದೆಯೇ ಹೊಸ ಚೇರ್ ಬಂದಿದ್ದರೆ ಮೊದಲ ಖರೀದಿ ಮೂರನೇ ವರ್ಷ, ಆಮೇಲೆ 8, 13, 18, 23, 28. ಆರೇ ಆಯಿತು. ಟೆಂಪ್ಲೇಟಿನಲ್ಲಿ "ಈಗ ಇರುವ ಉಪಕರಣ, ಸಿಕ್ಕಿದ ತಿಂಗಳು" ಎಂಬ ಮನೆ ಇಲ್ಲದಿದ್ದರೆ ಪ್ರತಿ ಪ್ಲಾನ್‌ನಲ್ಲೂ ಒಂದು ಚೇರ್ ಹೆಚ್ಚಾಗುತ್ತಲೇ ಹೋಗುತ್ತದೆ.

ಇಷ್ಟಾದ ಮೇಲೆ, ಪೂರ್ತಿ ಮುಗಿದ ಎರಡು ಹಳೆಯ ಫೈಲು ತೆಗೆದು, ಅವನ್ನು ಬರೆಯದೇ ಇದ್ದವರ ಕೈಯಲ್ಲಿ ಹೊಸ ಟೆಂಪ್ಲೇಟಿಗೆ ತುಂಬಿಸಿ. ಎಲ್ಲಿ ತಡವರಿಸುತ್ತಾರೋ ಅಲ್ಲಿ ಟೆಂಪ್ಲೇಟು ಸರಿಯಿಲ್ಲ. ನಂತರ ಒಂದು ತಾರೀಖು ಗೊತ್ತುಮಾಡಿ: ಆ ದಿನದ ನಂತರ ಗಾಯಾಳುವಿನ ಮೊದಲ ಸಂದರ್ಶನ ಆದ ಫೈಲುಗಳೆಲ್ಲ ಹೊಸದರಲ್ಲಿ. ಅಡಿಬರಹ ಬದಲಾಗುವುದು ಅವತ್ತು.

ಬದಲಾವಣೆಯ ದಾಖಲೆಯೂ ಬೇಕು. ಏನು ಬದಲಾಯಿತು, ಏಕೆ, ಯಾವತ್ತು ಎಂದು ಎಲ್ಲರೂ ಬರೆಯುತ್ತಾರೆ. "ಈಗ ತೆರೆದಿರುವ ಯಾವ ಫೈಲುಗಳಿಗೆ ಇದು ತಟ್ಟುತ್ತದೆ" ಎನ್ನುವುದನ್ನು ಬರೆಯುವವರು ಕಡಿಮೆ. ಮುಖ್ಯವಾದದ್ದು ಅದೇ.

ಜಯನಗರ_ನೈಟ್‌ಶಿಫ್ಟ್ ಉತ್ತರ:

ದರ ಹುಡುಕುವ ಕಡೆಯಿಂದ ಹೇಳುತ್ತೇನೆ. ಬೆಂಗಳೂರಿನ ತಂಡಕ್ಕೆ ಮಾನದಂಡದ ಪೂರ್ತಿ ಪುಸ್ತಕ ಕಳಿಸಿ "ಓದಿಕೊಳ್ಳಿ" ಎಂದರೆ ಕೆಲಸ ಆಗುವುದಿಲ್ಲ, ಮೇಲಾಗಿ ಅದು ಹಕ್ಕುಸ್ವಾಮ್ಯದ ದಾಖಲೆ, ಪಿಡಿಎಫ್ ಹಂಚುವುದು ಸರಿಯೂ ಅಲ್ಲ. ಪ್ರಕಟಿಸಿದ ಸಂಸ್ಥೆಯಿಂದಲೇ ಪ್ರತಿ ತರಿಸಿಕೊಡಿ. ಅದರ ಜೊತೆಗೆ ಕೊಡಚಾದ್ರಿ ಸರ್ ಹೇಳಿದ ಪಟ್ಟಿಯಲ್ಲಿ "ಹೊಣೆ" ಕಾಲಂನಲ್ಲಿ ದರದವರ ಹೆಸರಿರುವ ಸಾಲುಗಳನ್ನಷ್ಟೇ ಸೋಸಿ ಒಂದೇ ಹಾಳೆ ಮಾಡಿಕೊಡಿ. ದಿನಾ ತೆರೆದು ನೋಡುವುದು ಆ ಹಾಳೆಯನ್ನೇ. ಸಿಪಿಟಿ (ವೈದ್ಯಕೀಯ ಸೇವೆಗಳ) ಕೋಡ್‌ಗಳ ವಿವರಣೆ ಅಮೆರಿಕನ್ ಮೆಡಿಕಲ್ ಅಸೋಸಿಯೇಶನ್ನಿನ ಸ್ವತ್ತು, ದರದ ಡೇಟಾಬೇಸ್‌ಗಳಿಗೂ ಲೈಸೆನ್ಸ್ ಇದೆ. ಒಬ್ಬರ ಲಾಗಿನ್ ಮೂವರು ಬಳಸಬಹುದೇ ಎನ್ನುವುದನ್ನು ಒಪ್ಪಂದ ಓದಿ ಖಚಿತಪಡಿಸಿಕೊಳ್ಳಿ.

ಆ ಹಾಳೆಯಲ್ಲಿ ಏನಿರಬೇಕು ಅಂದರೆ, ಮೊದಲು ಜಾಗ. ಡೇಟಾಬೇಸ್‌ಗಳು ಪಿನ್‌ಕೋಡಿನಂಥ ಜಿಪ್ ಕೋಡಿನ ಮೊದಲ ಮೂರು ಅಂಕಿಯ ಮೇಲೆ ದರ ಕೊಡುತ್ತವೆ. ಗಾಯಾಳು ಫ್ರೀಮಾಂಟಿನ 94538ರಲ್ಲಿದ್ದರೆ 945. ವಕೀಲರ ಆಫೀಸಿನ ಜಿಪ್ ಹಾಕಿ ದರ ತೆಗೆದುಬಿಡುವುದು ತುಂಬ ಸಾಮಾನ್ಯವಾದ ತಪ್ಪು, ಯಾಕೆಂದರೆ ನಮಗೆ ಬರುವ ಫಾರಮ್ಮಿನ ತಲೆಯಲ್ಲಿ ಇರುವುದು ಅದೇ ವಿಳಾಸ. ಯಾವ ಪರ್ಸೆಂಟೈಲ್ (ನೂರರಲ್ಲಿ ಎಷ್ಟು ದರ ಅದಕ್ಕಿಂತ ಕೆಳಗಿವೆ ಎನ್ನುವ ಮಟ್ಟ) ಎನ್ನುವುದನ್ನೂ ಒಮ್ಮೆ ತೀರ್ಮಾನಿಸಿ ಬರೆದಿಡಿ. ಒಂದು ಸಾಲಿಗೆ 50, ಇನ್ನೊಂದಕ್ಕೆ 80 ಎಂದು ಕಾರಣ ಬರೆಯದೆ ಹಾಕಿದರೆ ವಿಧಾನ ಒಂದೇ ತೆರನಾಗಿದೆ ಎಂದು ಹೇಳಿಕೊಳ್ಳಲು ಬರುವುದಿಲ್ಲ.

ಆಮೇಲೆ ಯೂನಿಟ್. ಫಿಸಿಯೋಥೆರಪಿಯ 97110 ಕೋಡ್ 15 ನಿಮಿಷಕ್ಕೆ. ಒಂದು ಗಂಟೆಯ ಸೆಶನ್ ಅಂದರೆ ನಾಲ್ಕು ಯೂನಿಟ್. ಸೆಶನ್‌ಗೆ ಒಂದೇ ಯೂನಿಟ್ ಹಾಕಿದರೆ ಖರ್ಚು ಕಾಲುಭಾಗಕ್ಕೆ ಇಳಿಯುತ್ತದೆ, ನಷ್ಟ ಗಾಯಾಳುವಿಗೆ. ಎಂಆರ್‌ಐಗೆ ತದ್ವಿರುದ್ಧ: ಯಂತ್ರದ ಭಾಗಕ್ಕೆ ಟಿಸಿ, ಓದುವ ವೈದ್ಯರ ಭಾಗಕ್ಕೆ 26 ಎಂದು ಮಾಡಿಫೈಯರ್ (ಕೋಡಿಗೆ ಸೇರಿಸುವ ಗುರುತು) ಇವೆ. ಎರಡೂ ಸೇರಿದ ದರ ತೆಗೆದುಕೊಂಡ ಮೇಲೆ ಅದರ ಮೇಲೆ ಮತ್ತೆ ಒಂದನ್ನು ಕೂಡಿಸಬಾರದು. ಸರ್ಜರಿ ಸಾಲಿನಲ್ಲಿ ಸರ್ಜನ್ ಫೀಸ್ ಇದ್ದು ಅನಸ್ತೇಶಿಯ, ಆಸ್ಪತ್ರೆಯ ಖರ್ಚು ಬಿಟ್ಟುಹೋಗುವುದೂ ಇದೆ. ಸರಬರಾಜು ವಸ್ತುಗಳಲ್ಲಿ ಡಬ್ಬಿಯ ಬೆಲೆಯೋ ಒಂದರ ಬೆಲೆಯೋ ಎಂದು ಬರೆಯಲೇಬೇಕು.

ಕೋಡ್‌ಗಳಿಗೆ ಕ್ಯಾಲೆಂಡರ್ ಇದೆ. ಸಿಪಿಟಿ ಜನವರಿ 1ಕ್ಕೆ ಬದಲಾಗುತ್ತದೆ. ಎಚ್‌ಸಿಪಿಸಿಎಸ್ (ಕ್ಯಾಥೆಟರಿನಂಥ ಸಾಮಗ್ರಿಗಳ ಕೋಡ್) ಮೂರು ತಿಂಗಳಿಗೊಮ್ಮೆ. ಐಸಿಡಿ-10-ಸಿಎಂ (ಕಾಯಿಲೆಗಳ ಕೋಡ್) ಅಕ್ಟೋಬರ್ 1ಕ್ಕೆ, ಈಚೆಗೆ ಏಪ್ರಿಲ್ 1ಕ್ಕೂ. ಮಾನದಂಡದ ಆವೃತ್ತಿ ಹಲವು ವರ್ಷಕ್ಕೊಮ್ಮೆ ಬದಲಾಗುವಂಥದ್ದು, ಕೋಡ್ ಪಟ್ಟಿ ಹಾಗಲ್ಲ. ಈ ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟರೆ ಸಣ್ಣ ಬದಲಾವಣೆಗೂ ಮಾನದಂಡದ ಆವೃತ್ತಿ ಸಂಖ್ಯೆ ಏರುತ್ತಾ ಹೋಗಿ ಯಾವುದು ಯಾವುದೆಂದು ತಿಳಿಯದಂತಾಗುತ್ತದೆ. ಬೇರೆ ಬೇರೆ ಇಡಿ.

ಫೋನ್‌ನಲ್ಲಿ ದರ ಕೇಳುವಾಗ ಎಲ್ಲರೂ ಒಂದೇ ಮಾತು ಕೇಳಬೇಕು: ಇನ್ಶೂರೆನ್ಸ್ ಇಲ್ಲದವರು ಕೊಡಬೇಕಾದ ಬೆಲೆ ಎಷ್ಟು, ಯಾವ ಮಾಡೆಲ್, ಡೆಲಿವರಿ ಸೇರಿದೆಯೇ, ಕನಿಷ್ಠ ಎಷ್ಟು ಗಂಟೆ ಬುಕ್ ಮಾಡಬೇಕು (ಹೋಮ್ ಕೇರ್ ಏಜೆನ್ಸಿಗಳಿಗೆ ಇದು ಮುಖ್ಯ, ದಿನಕ್ಕೆ ಎರಡೇ ಗಂಟೆಗೆ ಜನ ಕಳಿಸದವರೂ ಇದ್ದಾರೆ), ಉತ್ತರಿಸಿದವರ ಹುದ್ದೆ, ತಾರೀಖು, ಸಮಯ. ಬೇಸಿಗೆಯಲ್ಲಿ ಇಲ್ಲಿ ರಾತ್ರಿ 8.30 ಆದಾಗ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ 8, ಚಳಿಗಾಲದಲ್ಲಿ ಅದೇ 9.30ಕ್ಕೆ. ಸಮಯ ಯಾವ ದೇಶದ್ದು ಎಂದು ಹಾಕದಿದ್ದರೆ ತಾರೀಖೇ ಒಂದು ದಿನ ಹಿಂದೆಮುಂದೆ ಆಗುತ್ತದೆ.

ಕೊನೆಯದಾಗಿ ಗೌಪ್ಯತೆ. ದರ ಹುಡುಕಲು ನಮಗೆ ಗಾಯಾಳುವಿನ ಹೆಸರು ಬೇಡ, ಜನ್ಮದಿನ ಬೇಡ, ಅಪಘಾತದ ತಾರೀಖೂ ಬೇಡ. ವಯಸ್ಸು, ಮೂರಂಕಿಯ ಜಿಪ್, ವಸ್ತುವಿನ ವಿವರ, ಆವರ್ತನ ಸಾಕು. ಹಿಪ್ಪಾ (ಅಮೆರಿಕದ ವೈದ್ಯಕೀಯ ಗೌಪ್ಯತೆಯ ಕಾನೂನು) ನಿಯಮದಲ್ಲಿ ಸೇಫ್ ಹಾರ್ಬರ್ ಎಂಬ ಗುರುತು ಅಳಿಸುವ ವಿಧಾನದ ಪ್ರಕಾರ ತೆಗೆಯಬೇಕಾದ ಗುರುತುಗಳು 18, ಇಸವಿ ಬಿಟ್ಟು ಉಳಿದ ತಾರೀಖುಗಳೂ ಅದರಲ್ಲಿ ಸೇರಿವೆ. ರೆಕಾರ್ಡ್ ಓದುವವರಿಗೆ ಎಲ್ಲವೂ ಕಾಣಲೇಬೇಕಾಗುತ್ತದೆ, ಅವರ ವಿಷಯ ಬೇರೆ. ಆ ಪ್ರಕರಣದಲ್ಲಿ ಕೋರ್ಟಿನ ರಕ್ಷಣಾ ಆದೇಶ ಇದ್ದರೆ ಯಾರು ನೋಡಬಹುದು, ದೇಶದ ಹೊರಗೆ ಕಳಿಸಬಹುದೇ, ಮುಗಿದ ಮೇಲೆ ಹಿಂದಿರುಗಿಸಬೇಕೇ ಅಳಿಸಬೇಕೇ ಎಂದೆಲ್ಲ ಅದರಲ್ಲಿರುತ್ತದೆ. ಫೈಲು ಬೆಂಗಳೂರಿಗೆ ಬರುವ ಮೊದಲು ಆ ಆದೇಶದ ಪ್ರತಿ ಓದಿ ವಕೀಲರ ಒಪ್ಪಿಗೆಯನ್ನು ಬರಹದಲ್ಲಿ ತೆಗೆದುಕೊಳ್ಳಿ. ಇಷ್ಟು ದೂರದಲ್ಲಿ ಕುಳಿತು ಇನ್ನೊಬ್ಬರ ಆಸ್ಪತ್ರೆಯ ಕಾಗದ ಓದುವ ನಮಗೆ ಆ ಒಪ್ಪಿಗೆ ಇಲ್ಲದಿದ್ದರೆ ಕೈ ನಡುಗಬೇಕು.

ಸಾಕ್ಷಿ_ಪುಟ ಉತ್ತರ:

ನಿಮ್ಮ ಮೂರನೇ ಪ್ರಶ್ನೆಗೆ. ಸಹಿ ಮಾಡಿ ಸಲ್ಲಿಸಿದ ವರದಿಯ ಅಡಿಬರಹವನ್ನು ಈಗ ಮುಟ್ಟಬೇಡಿ. ಆ ವರದಿ ಬರೆದ ದಿನ ಜಾರಿಯಲ್ಲಿದ್ದ ಆವೃತ್ತಿ ಯಾವುದೋ ಅದೇ ಅಲ್ಲಿ ನಿಲ್ಲಬೇಕು. 2021ರ ವರದಿಯಲ್ಲಿ 2015ರ ಆವೃತ್ತಿಯ ಹೆಸರಿರುವುದು ತಪ್ಪಲ್ಲ. 2024ರ ವರದಿಯಲ್ಲಿ ಇದ್ದರೆ ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಅಂಥವು ನಿಮ್ಮಲ್ಲಿ ಎಷ್ಟಿವೆ ಎಂದು ಈಗಲೇ ಎಣಿಸಿ ಪಟ್ಟಿ ಮಾಡಿ, ವಕೀಲರಿಗೆ ಮೊದಲೇ ಹೇಳಿ.

ಆದರೆ ಗಾಯಾಳುವಿನ ಸ್ಥಿತಿ ಬದಲಾದಾಗ, ದರ ಹಳತಾದಾಗ ವರದಿಯನ್ನು ಪರಿಷ್ಕರಿಸಲೇಬೇಕು. ಫೆಡರಲ್ ಕೋರ್ಟಿನಲ್ಲಿ ಸಿವಿಲ್ ಪ್ರೊಸೀಜರ್ ನಿಯಮ 26(ಇ) ಪ್ರಕಾರ ತಜ್ಞರ ವರದಿಯಲ್ಲಿನ ಬದಲಾವಣೆ ವಿಚಾರಣಾಪೂರ್ವ ಮಾಹಿತಿ ಸಲ್ಲಿಸುವ ಗಡುವಿನೊಳಗೆ ಹೋಗಬೇಕು. ಕೋರ್ಟ್ ಬೇರೆ ಹೇಳದಿದ್ದರೆ ಅದು ವಿಚಾರಣೆಗೆ ಕನಿಷ್ಠ 30 ದಿನ ಮುಂಚೆ. ಆ ಪರಿಷ್ಕೃತ ವರದಿ ಹೊಸ ತಾರೀಖಿನದು, ಹಾಗಾಗಿ ಹೊಸ ಆವೃತ್ತಿಯಂತೆಯೇ ನಡೆಯಲಿ, ಏನು ಬದಲಾಯಿತು ಎಂದು ಒಂದು ಪುಟ ಜೊತೆಗಿರಲಿ. ಪರಿಷ್ಕರಣೆಯ ಹೆಸರಿನಲ್ಲಿ ಮೊದಲ ವರದಿಯಲ್ಲಿ ಬಿಟ್ಟುಹೋದದ್ದನ್ನೆಲ್ಲ ತುಂಬಲು ಹೋದರೆ ಎದುರು ಪಕ್ಷ ಅದನ್ನು ಕೈಬಿಡಿಸಲು ಅರ್ಜಿ ಹಾಕುತ್ತದೆ.

ಫೆಡರಲ್ ಸಾಕ್ಷ್ಯ ನಿಯಮ 702 ಡಿಸೆಂಬರ್ 1, 2023ರಿಂದ ತಿದ್ದುಪಡಿಯಾಗಿದೆ. ತಜ್ಞರ ಅಭಿಪ್ರಾಯಕ್ಕೆ ಸಾಕಷ್ಟು ಆಧಾರವಿದೆ, ವಿಧಾನ ನಂಬಲರ್ಹ, ಆ ವಿಧಾನವನ್ನು ಈ ಪ್ರಕರಣಕ್ಕೆ ಸರಿಯಾಗಿ ಅನ್ವಯಿಸಲಾಗಿದೆ ಎನ್ನುವುದು ಇಲ್ಲ ಅನ್ನುವುದಕ್ಕಿಂತ ಹೌದು ಅನ್ನುವ ಕಡೆಗೇ ತೂಗುತ್ತದೆ ಎಂದು ಸಾಕ್ಷಿಯನ್ನು ಕರೆಸಿದವರೇ ನ್ಯಾಯಾಧೀಶರಿಗೆ ತೋರಿಸಬೇಕು. ನ್ಯೂಯಾರ್ಕ್, ಇಲಿನಾಯ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳ ಕೋರ್ಟುಗಳಲ್ಲಿ 1923ರ ಫ್ರೈ ಪರೀಕ್ಷೆಯ (ಆ ವಿಧಾನವನ್ನು ಆ ಕ್ಷೇತ್ರದವರು ಸಾಮಾನ್ಯವಾಗಿ ಒಪ್ಪಿದ್ದಾರೆಯೇ ಎಂದು ನೋಡುವುದು) ದಾರಿ ಇನ್ನೂ ಇದೆ. ಎಲ್ಲಿಯಾದರೂ ಪ್ರಶ್ನೆ ಸಾಲಿನಿಂದ ಸಾಲಿಗೆ ಬರುತ್ತದೆ. ಆದ್ದರಿಂದ "ಈ ವರದಿ ಎಲ್ಲ ಮಾನದಂಡಗಳಿಗೂ ಅನುಗುಣವಾಗಿದೆ" ಎಂಬ ವಾಕ್ಯ ಟೆಂಪ್ಲೇಟಿನಲ್ಲಿದ್ದರೆ ತೆಗೆಯಿರಿ. ಯಾವ ದಾಖಲೆ, ಯಾವ ಆವೃತ್ತಿ, ಯಾವ ಇಸವಿ ಎಂದಷ್ಟೇ ಹೇಳಿ, ಪಾಲಿಸಲಾಗದ್ದಕ್ಕೆ ಅಲ್ಲೇ ಕಾರಣ ಕೊಡಿ. ಗಾಯಾಳುವನ್ನು ನೇರವಾಗಿ ನೋಡಲು ಅವಕಾಶ ಸಿಗಲಿಲ್ಲ ಎಂದಾದರೆ ಕೇಳಿದ್ದು ಯಾವತ್ತು, ನಿರಾಕರಿಸಿದ್ದು ಯಾರು ಎಂದು ಬರೆಯಿರಿ. ಪ್ರತಿವಾದಿ ಪರ ಕೆಲಸದಲ್ಲಿ ಇದು ಪದೇ ಪದೇ ಬರುತ್ತದೆ.

ಕರಡುಗಳ ವಿಷಯದಲ್ಲೂ ಎಚ್ಚರ ಬೇಕು. ಫೆಡರಲ್ ನಿಯಮದಲ್ಲಿ 2010ರ ತಿದ್ದುಪಡಿಯಿಂದ ವರದಿಯ ಕರಡಿಗೆ ರಕ್ಷಣೆ ಇದೆ. ಆದರೆ ನಿಮ್ಮ ಚೆಕ್‌ಲಿಸ್ಟು, ಟಿಪ್ಪಣಿ, ತಂಡದೊಳಗಿನ ಚಾಟ್ ಕರಡು ಎನ್ನಿಸಿಕೊಳ್ಳುತ್ತವೆ ಎಂದು ನಂಬಿ ಕೂರಬೇಡಿ, ರಾಜ್ಯಗಳ ನಿಯಮಗಳೂ ಬೇರೆ. ಚೆಕ್‌ಲಿಸ್ಟಿನಲ್ಲಿ "ಇಲ್ಲ" ಎಂದು ಗುರುತು ಮಾಡಿದ ಪ್ರತಿ ಸಾಲಿಗೂ ಕಾರಣ ಬರೆದು ಮುಗಿಸಿ. ಅರ್ಧ ತುಂಬಿದ ಚೆಕ್‌ಲಿಸ್ಟ್ ಇರುವುದಕ್ಕಿಂತ ಚೆಕ್‌ಲಿಸ್ಟೇ ಇಲ್ಲದಿರುವುದು ಮೇಲು.

ನೇತ್ರಾವತಿ_ಆರ್‌ಎನ್:

ಎಲ್ಲರಿಗೂ ಧನ್ಯವಾದ. ಇನ್ನೆರಡು ಸಂಶಯ. ನಾವಿಬ್ಬರು ನರ್ಸ್‌ಗಳು ಎಎಎನ್‌ಎಲ್‌ಸಿಪಿಯ (ನರ್ಸ್ ಪ್ಲಾನರ್‌ಗಳ ಅಮೆರಿಕನ್ ಸಂಘ) ಮಾನದಂಡ ಹಿಡಿಯುತ್ತೇವೆ, ಕೌನ್ಸೆಲರ್ ಐಎಎಲ್‌ಸಿಪಿಯದು. ಟೆಂಪ್ಲೇಟು ಒಂದೇ ಇರಬಹುದೇ? ಮತ್ತೆ, ಮುಂದೆ ಬರಬಹುದಾದ ತೊಡಕುಗಳಿಗೆ ಖರ್ಚು ಹಾಕಬೇಕು ಎಂದು ಒಬ್ಬರು ಹೇಳುತ್ತಾರೆ, ಹಾಕಬಾರದು ಎಂದು ಇನ್ನೊಬ್ಬರು.

ಭದ್ರಾ_ಪಿಟಿ ಉತ್ತರ:

ಟೆಂಪ್ಲೇಟು ಒಂದೇ ಇರಲಿ, ಆಧಾರದ ಕಾಲಂ ಬಲವಾಗಿರಲಿ. ನರ್ಸಿಂಗ್ ಮಾನದಂಡ ನರ್ಸಿಂಗ್ ಪ್ರಕ್ರಿಯೆಯ ಮೇಲೆ ನಿಂತದ್ದು: ಪರೀಕ್ಷೆ, ನರ್ಸಿಂಗ್ ಡಯಾಗ್ನೋಸಿಸ್, ನಿರೀಕ್ಷಿತ ಫಲ, ಯೋಜನೆ, ಜಾರಿ, ಮೌಲ್ಯಮಾಪನ. ಚರ್ಮದ ಆರೈಕೆ, ಮಲಮೂತ್ರದ ಕ್ರಮ, ಮನೆಯವರಿಗೆ ತರಬೇತಿ ಇಂಥವನ್ನು ನೀವು ನಿಮ್ಮ ಲೈಸೆನ್ಸಿನ ಮೇಲೆ ಸಮರ್ಥಿಸಬಹುದು. ಕೌನ್ಸೆಲರ್ ಉದ್ಯೋಗ, ತರಬೇತಿ, ಹೊಂದಿಕೊಳ್ಳುವ ಸಲಹೆಯ ಸಾಲುಗಳನ್ನು ಸಮರ್ಥಿಸಬಹುದು. ಸ್ನಾಯು ಬಿಗಿತಕ್ಕೆ ಔಷಧಿ ಹಾಯಿಸುವ ಬ್ಯಾಕ್ಲೋಫೆನ್ ಪಂಪ್ ಬದಲಿಸುವ ಸರ್ಜರಿಯನ್ನು ಇಬ್ಬರೂ ಸ್ವಂತ ಬಲದ ಮೇಲೆ ಬರೆಯಲಾಗದು, ವೈದ್ಯರ ಮಾತೇ ಬೇಕು. ಹಾಗಾಗಿ ಪ್ರತಿ ಸಾಲಿನ ಮುಂದೆ ಯಾರ ಶಿಫಾರಸು, ಯಾವತ್ತು, ಯಾವ ರೂಪದಲ್ಲಿ (ಪತ್ರ, ಡೆಪೊಸಿಶನ್ ಅಂದರೆ ವಿಚಾರಣೆಗೆ ಮುಂಚೆ ಪ್ರಮಾಣ ಮಾಡಿ ಕೊಡುವ ಹೇಳಿಕೆ, ಫೋನ್ ಮಾತು, ಪ್ರಕಟಿತ ಮಾರ್ಗಸೂಚಿ) ಎಂದು ಇದ್ದರೆ ಎರಡೂ ಮಾನದಂಡಕ್ಕೆ ಸಲ್ಲುತ್ತದೆ. ಫೋನ್‌ನಲ್ಲಿ ವೈದ್ಯರು ಹೇಳಿದ್ದನ್ನು ಪತ್ರವಾಗಿ ಬರೆದು ಅವರಿಗೇ ಕಳಿಸಿ ಸಹಿ ತರಿಸಿಕೊಳ್ಳುವುದು ಒಳ್ಳೆಯದು. ಮಾರ್ಗಸೂಚಿಯನ್ನು ಆಧಾರ ಮಾಡಿದರೆ ಅದಕ್ಕೂ ಇಸವಿ ಹಾಕಿ. ಬೆನ್ನುಹುರಿ ಪೆಟ್ಟಿಗೆ ಪ್ಯಾರಲೈಸ್ಡ್ ವೆಟರನ್ಸ್ ಆಫ್ ಅಮೆರಿಕ ಪ್ರಕಟಿಸುವ ಮಾರ್ಗಸೂಚಿಗಳೂ ಪರಿಷ್ಕರಣೆ ಆಗುತ್ತಿರುತ್ತವೆ.

ತೊಡಕುಗಳ ವಿಷಯ: ಮುಂದೆ ಆಗುವುದೇ ಹೆಚ್ಚು ಸಂಭವ ಎಂದು ವೈದ್ಯರು ಹೇಳಿದ್ದಕ್ಕೆ ಮುಖ್ಯ ಪಟ್ಟಿಯಲ್ಲಿ ಸಾಲು, ಆವರ್ತನ, ದರ. ಆಗಬಹುದು, ಆಗದೆಯೂ ಇರಬಹುದು ಎನ್ನುವಂಥದ್ದು ಸಂಭವನೀಯ ತೊಡಕುಗಳ ಪುಟದಲ್ಲಿ ಮಾಹಿತಿಗಷ್ಟೇ, ಒಟ್ಟು ಮೊತ್ತಕ್ಕೆ ಸೇರುವುದಿಲ್ಲ. ಒತ್ತಡದ ಹುಣ್ಣನ್ನು ತೆಗೆದುಕೊಳ್ಳಿ. ಅದನ್ನು ತಡೆಯುವ ಕುಶನ್, ಹಾಸಿಗೆ, ದಿನಾ ಚರ್ಮ ನೋಡುವ ಅಟೆಂಡೆಂಟ್ ಗಂಟೆಗಳನ್ನು ಹಾಕಿದ್ದೀರಿ. ಹುಣ್ಣಿನ ಫ್ಲ್ಯಾಪ್ ಸರ್ಜರಿಗೂ (ಪಕ್ಕದ ಚರ್ಮ, ಮಾಂಸ ತಂದು ಹುಣ್ಣು ಮುಚ್ಚುವುದು) ಖರ್ಚು ಹಾಕುವುದಾದರೆ ಅದಕ್ಕೆ ಬೇರೆಯೇ ವೈದ್ಯಕೀಯ ಆಧಾರ ಬೇಕು. ಇಲ್ಲದಿದ್ದರೆ ತಡೆಯುವುದಕ್ಕೂ ತಡೆಯಲಾಗದ್ದಕ್ಕೂ ಒಟ್ಟಿಗೆ ಕೇಳಿದಂತೆ ಕಾಣುತ್ತದೆ.

ಒಂದು ಮಾತು ಸೇರಿಸುತ್ತೇನೆ. ಮನೆ ಮಾರ್ಪಾಡಿನ ಸಾಲುಗಳಿಗೆ ಹೆಚ್ಚಿನ ಟೆಂಪ್ಲೇಟುಗಳಲ್ಲಿ ಅಳತೆಯ ಕಾಲಮ್ಮೇ ಇರುವುದಿಲ್ಲ, "ರ‍್ಯಾಂಪ್, 1" ಎಂದಿರುತ್ತದೆ. ಎಡಿಎ (ಅಂಗವಿಕಲರ ಹಕ್ಕುಗಳ ಅಮೆರಿಕದ ಕಾನೂನು) ಅಳತೆ 1:12. ಬಾಗಿಲು ನೆಲದಿಂದ ಎರಡಡಿ ಮೇಲಿದ್ದರೆ 24 ಅಡಿ ಉದ್ದದ ರ‍್ಯಾಂಪ್. ಒಂದೇ ಏರಿನಲ್ಲಿ 30 ಇಂಚು ದಾಟುವಂತಿಲ್ಲ, ದಾಟಿದರೆ ನಡುವೆ ಐದಡಿಯ ಸಮತಟ್ಟು ಬೇಕು. ಖಾಸಗಿ ಮನೆಗೆ ಆ ಕಾನೂನು ಕಡ್ಡಾಯವಲ್ಲ, ಆದರೆ ಸುರಕ್ಷಿತ ಇಳಿಜಾರಿಗೆ ಅದೇ ಅಳತೆಗೋಲು. ಮೆಟ್ಟಿಲಿನ ಎತ್ತರ ಅಳೆಯದೆ ಹಾಕಿದ ದರಕ್ಕೆ ಅರ್ಥವಿಲ್ಲ.

ಧಾರವಾಡದ_ವಕೀಲ ಉತ್ತರ:

ಕರ್ನಾಟಕದ ಮೋಟಾರು ಅಪಘಾತ ಪರಿಹಾರ ಪ್ರಕರಣಗಳಿಗೂ ಈ ಪಟ್ಟಿ ಮಾಡಿಕೊಡಿ ಎಂದು ಕೇಳುವವರು ಇದ್ದಾರೆ, ಅದಕ್ಕೆ ಒಂದು ಎಚ್ಚರಿಕೆ. ಇಲ್ಲಿಯ ನ್ಯಾಯಮಂಡಳಿಗಳಲ್ಲಿ ಲೆಕ್ಕ ನಡೆಯುವುದು ಮಲ್ಟಿಪ್ಲೈಯರ್ (ವರ್ಷದ ಮೊತ್ತವನ್ನು ಗುಣಿಸುವ ಅಂಕಿ) ಮೇಲೆ. 2009ರಲ್ಲಿ ಸುಪ್ರೀಂ ಕೋರ್ಟ್ ವಯಸ್ಸಿಗೆ ತಕ್ಕಂತೆ ಅದನ್ನು ನಿಗದಿ ಮಾಡಿತು, 15ರಿಂದ 25ರ ವಯಸ್ಸಿಗೆ 18. ಅಟೆಂಡೆಂಟ್ ಖರ್ಚಿಗೂ ಅದನ್ನೇ ಅನ್ವಯಿಸಬೇಕೆಂದು 2020ರ ತೀರ್ಪೊಂದರಲ್ಲಿ ಹೇಳಿ, ಇಬ್ಬರು ಅಟೆಂಡೆಂಟರಿಗೆ ತಲಾ ತಿಂಗಳಿಗೆ 5,000 ರೂಪಾಯಿಯಂತೆ ವರ್ಷಕ್ಕೆ 1,20,000, ಅದನ್ನು 18ರಿಂದ ಗುಣಿಸಿ 21,60,000 ರೂಪಾಯಿ ಕೊಟ್ಟಿತು.

ಅಂದರೆ ಅಮೆರಿಕದ ಪದ್ಧತಿಯಂತೆ ಜೀವಮಾನದ ಒಟ್ಟು ಮೊತ್ತ ತಂದುಕೊಟ್ಟರೆ ಇಲ್ಲಿ ಕೂರುವುದಿಲ್ಲ. ವರ್ಷಕ್ಕೆ ಎಷ್ಟು ಎಂದು ತೋರಿಸಿ. ಐದು ವರ್ಷಕ್ಕೊಮ್ಮೆ ಬೇಕಾದ ವ್ಹೀಲ್‌ಚೇರಿನ ಬೆಲೆಯನ್ನು ಐದರಿಂದ ಭಾಗಿಸಿ ವರ್ಷದ ಬಾಬ್ತಿಗೆ ತನ್ನಿ. ಪ್ರತಿ ಸಾಲಿಗೂ ವೈದ್ಯರ ಆಧಾರ, ಊರಿನ ದರ, ಬಿಲ್ಲು ಅಥವಾ ಕೊಟೇಶನ್ನಿನ ತಾರೀಖು ಎನ್ನುವ ಶಿಸ್ತು ಮಾತ್ರ ಹಾಗೆಯೇ ಬರಲಿ. ಮುಂದಿನ ವೈದ್ಯಕೀಯ ಖರ್ಚಿನ ಬಾಬ್ತಿಗೆ ಇಲ್ಲಿ ಇಡಿಯಾಗಿ ಒಂದು ಅಂಕಿ ಕೇಳಿ ಕಡಿಮೆ ಪಡೆಯುವ ಪ್ರಕರಣಗಳು ಬಹಳ. ಪಟ್ಟಿಯೇ ಕೊಡದೆ ಕೇಳುತ್ತೇವೆ, ಅದೇ ಕಾರಣ.

ಕೊಡಚಾದ್ರಿ_ಸಿಎಲ್‌ಸಿಪಿ:

ಬಿಟ್ಟುಹೋದ ಒಂದು ಮಾತು. ಅಟೆಂಡೆಂಟ್ ಗಂಟೆಗಳಿಗೆ ತಂಡದಲ್ಲಿ ಎಲ್ಲರೂ ಒಂದೇ ಗುಣಾಕಾರ ಬಳಸುವಂತೆ ಮಾಡಿ. ದಿನಕ್ಕೆ 8 ಗಂಟೆ ಅಂದರೆ 365 ದಿನಕ್ಕೆ 2,920. ವಾರಕ್ಕೆ 56 ಎಂದು 52ರಿಂದ ಗುಣಿಸಿದವರಿಗೆ 2,912 ಬರುತ್ತದೆ. ಎಂಟೇ ಗಂಟೆಯ ವ್ಯತ್ಯಾಸ, ಆದರೆ ಒಂದೇ ವರದಿಯ ಎರಡು ಪುಟದಲ್ಲಿ ಎರಡೂ ಕಂಡರೆ ಉಳಿದ ಲೆಕ್ಕದ ಮೇಲೂ ನಂಬಿಕೆ ಹೋಗುತ್ತದೆ. ಬೆಲೆಯೇರಿಕೆ, ಇವತ್ತಿನ ಮೌಲ್ಯಕ್ಕೆ ಇಳಿಸುವುದು ಅರ್ಥಶಾಸ್ತ್ರಜ್ಞರ ಕೆಲಸ, ನಮ್ಮ ಪಟ್ಟಿಯಲ್ಲಿ ಅದು ಬೇಡ. ಅವರಿಗೆ ಸ್ಪ್ರೆಡ್‌ಶೀಟ್ ಕೊಡುವಾಗ ಆಯಸ್ಸಿಗೆ ಯಾವ ಕೋಷ್ಟಕ ಹಿಡಿದಿದ್ದೀರಿ, ಅದರ ಇಸವಿ ಯಾವುದು ಎಂದು ಮೊದಲ ಸಾಲಿನಲ್ಲೇ ಬರೆದಿಡಿ.